ಆಂಪ್ಲಿಫೈಯರ್ ಬದಲಿಸುವ ಮುಂಚೆ ಜಮಖಾನ ಹಾಸಿ ನೋಡಿ

ಈ ತಿಂಗಳು ನನ್ನ ಮೇಜಿಗೆ ಬಂದು ಬಿದ್ದ ಪತ್ರಗಳು ಹದಿನಾಲ್ಕು. ಅದರಲ್ಲಿ ಹನ್ನೊಂದರ ಸಾರ ಒಂದೇ: 'ಈಗಿರುವುದು ಚೆನ್ನಾಗಿಯೇ ಇದೆ, ಮುಂದಿನದು ಯಾವುದು ಕೊಳ್ಳಲಿ?' ಹಾಗಾಗಿ ಮಿಕ್ಸಿ, ಫ್ಯಾನ್, ಟಿ.ವಿ. ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ತಳ್ಳಿ, ಈ ಸಲದ ಜಾಗವನ್ನೆಲ್ಲ ಸ್ಪೀಕರ್, ಆಂಪ್ಲಿಫೈಯರ್ ತೆವಲಿಗೇ ಬಿಟ್ಟುಕೊಟ್ಟಿದ್ದೇನೆ.

ಹೊಸ ಓದುಗರಿಗೆ ಒಂದು ಮಾತು. ನಾನು ಎಂಜಿನಿಯರ್ ಅಲ್ಲ. ಮೈಸೂರಿನ ಅಗ್ರಹಾರದಲ್ಲಿ 1977ರಿಂದ ನಲವತ್ತೊಂದು ವರ್ಷ ರೇಡಿಯೊ, ಟೇಪ್ ರೆಕಾರ್ಡರ್, ಟಿ.ವಿ. ರಿಪೇರಿ ಅಂಗಡಿ ಇಟ್ಟುಕೊಂಡಿದ್ದವನು. ಈ ಕಾಯಿಲೆಯ ವೈದ್ಯನೂ ಹೌದು, ರೋಗಿಯೂ ಹೌದು. ಅದರ ವಿವರ ಕೊನೆಯ ಪತ್ರದಲ್ಲಿದೆ.

ಪ್ರಶ್ನೆ: ನಾಲ್ಕು ವರ್ಷದ ಹಿಂದೆ 18,000 ರೂಪಾಯಿಗೆ ಒಂದು ಜೊತೆ ಪುಟ್ಟ ಸ್ಪೀಕರ್ ತಂದೆ. ಆರು ತಿಂಗಳಿಗೆ ಆಂಪ್ಲಿಫೈಯರ್ ಸಾಲದು ಅನ್ನಿಸಿತು, ಬದಲಿಸಿದೆ. ಆಮೇಲೆ ಒಂದು ಡ್ಯಾಕ್ (ಡಿಜಿಟಲ್ ಹಾಡನ್ನು ಆಂಪ್ಲಿಫೈಯರಿಗೆ ಒಗ್ಗುವ ಸಿಗ್ನಲ್ ಮಾಡಿಕೊಡುವ ಪೆಟ್ಟಿಗೆ) ತಂದೆ. ಡ್ಯಾಕ್ ಬಂದ ಮೇಲೆ ಸ್ಪೀಕರೇ ಸಪ್ಪೆ ಅನ್ನಿಸಿ ಅದನ್ನೂ ಬದಲಿಸಿದೆ. ಈಗ 80,000 ರೂಪಾಯಿಯ ನೂರು ವ್ಯಾಟ್ ಆಂಪ್ಲಿಫೈಯರ್ ಮೇಲೆ ಕಣ್ಣು ಬಿದ್ದಿದೆ. ಸದ್ಯ ಇರುವುದು ಐವತ್ತು ವ್ಯಾಟಿನದು. ಪ್ರತಿ ಸಲವೂ ಹೊಸದು ಬಂದ ಎರಡು ವಾರ ಸ್ವರ್ಗ. ಆಮೇಲೆ ಅದೇ ಗೊಣಗು: ಕೆಳಗಿನ ಸ್ವರಗಳು ಗುಮ್ಮೆನ್ನುತ್ತವೆ, ಹಾಡುವವರ ದನಿ ಕಿವಿಗೆ ಚುಚ್ಚುತ್ತದೆ. ರೂಮು 12×10 ಅಡಿ, ವಿಟ್ರಿಫೈಡ್ ಟೈಲ್ಸ್ ನೆಲ. ಕೊಳ್ಳಲೇ?
(ಬ್ಯಾಂಕ್ ನೌಕರ, ದಾವಣಗೆರೆ)

ಉತ್ತರ: ಬೇಡಿ. ಇಷ್ಟಕ್ಕೇ ಮುಗಿಸಬಹುದಿತ್ತು. ಆದರೆ ಕಾರಣ ಹೇಳದಿದ್ದರೆ ನೀವು ಇನ್ನೊಬ್ಬರನ್ನು ಕೇಳುತ್ತೀರಿ, ಅವರು ಮಾರುವವರೇ ಆಗಿರುತ್ತಾರೆ.

ನಿಮ್ಮ ಪೂರ್ತಿ ಪತ್ರ ಮೂರು ಪುಟ, ಇಲ್ಲಿ ಕತ್ತರಿಸಿ ಹಾಕಿದ್ದೇನೆ. ಅದರಲ್ಲಿ ಆರು ಕಂಪನಿ, ಒಂಬತ್ತು ಮಾಡೆಲ್ ನಂಬರು ಎಣಿಸಿದೆ. ಯಾರ ಹಾಡು ಕೇಳುತ್ತೀರಿ ಅನ್ನುವುದು ಮಾತ್ರ ಎಲ್ಲೂ ಸಿಗಲಿಲ್ಲ. ಇದು ಬೈಗುಳ ಅಲ್ಲ. ನನ್ನ ಹಳೆಯ ಡೈರಿ ತೆಗೆದರೂ ಹೀಗೇ ಇದೆ.

ಮೊದಲು ವ್ಯಾಟಿನ ಲೆಕ್ಕ. ಐವತ್ತರಿಂದ ನೂರಕ್ಕೆ ಹೋದರೆ ಸದ್ದು ಎರಡು ಪಟ್ಟು ಆಗುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಆಗುವುದು 3 ಡೆಸಿಬಲ್ ಹೆಚ್ಚಳ, ಅಂದರೆ ವಾಲ್ಯೂಮ್ ತಿರುಪನ್ನು ಒಂದಿಷ್ಟು ಆಚೆ ತಿರುಗಿಸಿದಷ್ಟು. ಕಿವಿಗೆ 'ಎರಡು ಪಟ್ಟು' ಅನ್ನಿಸಬೇಕಾದರೆ ಸುಮಾರು 10 ಡೆಸಿಬಲ್ ಏರಬೇಕು, ಅದಕ್ಕೆ ಹತ್ತು ಪಟ್ಟು ವ್ಯಾಟ್ ಬೇಕು. ನಿಮ್ಮ ಐವತ್ತು ಐನೂರಾಗಬೇಕು. ಇಷ್ಟಕ್ಕೂ 12×10ರ ರೂಮಿನಲ್ಲಿ ಮನೆಮಂದಿ ಬೈಯದ ಹಾಗೆ ಕೇಳುವಾಗ ನಿಮ್ಮ ಆಂಪ್ಲಿಫೈಯರ್ ಸ್ಪೀಕರಿಗೆ ಕೊಡುತ್ತಿರುವುದು ಸರಾಸರಿ ಒಂದು ವ್ಯಾಟೂ ಇರಲಿಕ್ಕಿಲ್ಲ. ತಬಲಾದ ಒಂದು ಏಟು ಬಿದ್ದಾಗ ಕ್ಷಣಕಾಲ ಹತ್ತೋ ಇಪ್ಪತ್ತೋ ಕೇಳುತ್ತದೆ, ಅಷ್ಟೇ. ಹಿಂದೆ ಪ್ಲಾಸ್ಟಿಕ್ ಡಬ್ಬಗಳ ಮೇಲೆ '2000 ವ್ಯಾಟ್ ಪಿಎಂಪಿಒ' ಅಂತ ಬಂಗಾರದ ಬಣ್ಣದ ಚೀಟಿ ಅಂಟಿಸಿ ಮಾರುತ್ತಿದ್ದರು. ಅದೇ ಡಬ್ಬ ತಿರುಗಿಸಿದರೆ ಹಿಂದುಗಡೆ 'ಕರೆಂಟು ತಗೊಳ್ಳುವುದು 40 ವ್ಯಾಟ್' ಅಂತ ಚಿಕ್ಕ ಅಕ್ಷರದಲ್ಲಿ ಇರುತ್ತಿತ್ತು. ನಲವತ್ತು ಒಳಗೆ ಹೋಗಿ ಎರಡು ಸಾವಿರ ಹೊರಗೆ ಬರುವ ಯಂತ್ರವನ್ನು ಕೆಇಬಿಯವರು ಯಾಕೆ ಕೊಂಡುಕೊಳ್ಳಲಿಲ್ಲವೋ!

ಈಗ ನಿಮ್ಮ ರೂಮು. ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿ. 'ಟಪ್' ಅಂತ ಸುಮ್ಮನಾದರೆ ಸರಿ. 'ಟ್ರಿಂಯ್' ಅಂತ ಬಾಲ ಎಳೆದುಕೊಂಡು ಬಂದರೆ, ಹಾಡುವವರ ದನಿ ಚುಚ್ಚುವುದು ಆ ಬಾಲವೇ. ಬರಿಯ ಟೈಲ್ಸ್, ಬರಿಯ ಗೋಡೆ, ಗಾಜಿನ ಕಿಟಕಿಗಳ ನಡುವೆ ಸದ್ದು ಟೇಬಲ್ ಟೆನಿಸ್ ಚೆಂಡಿನ ಹಾಗೆ ಪುಟಿಯುತ್ತಿರುತ್ತದೆ. ನಿಮ್ಮ ಕಡೆ ನವಲಗುಂದದ ಜಮಖಾನ ಸಿಗುತ್ತದೆ. ಸ್ಪೀಕರಿಗೂ ನಿಮಗೂ ನಡುವೆ ನೆಲಕ್ಕೆ ಒಂದು ಹಾಸಿ. ಕಿಟಕಿಗೆ ದಪ್ಪನೆಯ ಪರದೆ ಹಾಕಿ. 'ಹಾಸಿಗೆ ಇದ್ದಷ್ಟು ಕಾಲು ಚಾಚು' ಅಂತಾರೆ ಹಿರಿಯರು. ನಾನು ಹೇಳುವುದು ಆ ಹಾಸಿಗೆಯನ್ನೇ ಎತ್ತಿ ಬೆನ್ನ ಹಿಂದಿನ ಗೋಡೆಗೆ ಒರಗಿಸಿ ಅಂತ. ದಪ್ಪನೆಯ ಹತ್ತಿಯ ಹಾಸಿಗೆ, ಒಂದೇ ಸಂಜೆಗೆ. ಖರ್ಚಿಲ್ಲ. ಅದೇ ಹಾಡನ್ನು ಹಾಸಿಗೆ ಇಟ್ಟು ಒಂದು ಸಲ, ತೆಗೆದು ಒಂದು ಸಲ ಕೇಳಿ. ಆ ವ್ಯತ್ಯಾಸದ ಕಾಲುಭಾಗವನ್ನೂ 80,000 ರೂಪಾಯಿಯ ಪೆಟ್ಟಿಗೆ ಕೊಡಲಾರದು.

ಗುಮ್ಮೆನ್ನುವುದಕ್ಕೆ ಜಮಖಾನ ಏನೂ ಮಾಡದು, ಅದು ಬೇರೆ ಕಥೆ. ಹನ್ನೆರಡು ಅಡಿ ಅಂತರದ ಎರಡು ಗೋಡೆಗಳ ನಡುವೆ ಸುಮಾರು 47 ಹರ್ಟ್ಸ್‌ನ, ಅಂದರೆ ಸೆಕೆಂಡಿಗೆ 47 ಸಲ ಅದುರುವ, ಅಲೆ ಸರಿಯಾಗಿ ಹೊಂದಿಕೊಂಡು ನಿಂತುಬಿಡುತ್ತದೆ. ಹತ್ತು ಅಡಿಯ ಕಡೆ 56 ಹರ್ಟ್ಸ್‌ನದು. ಬಾಸ್ ಗಿಟಾರಿನ ಕೆಳಗಿನ ತಂತಿ 41ರಿಂದ ಶುರು, ಅಂದರೆ ಈ ಎರಡೂ ಹಾಡಿನ ದಾರಿಯಲ್ಲೇ ಇವೆ. ಗೋಡೆಗೆ ಅಂಟಿಕೊಂಡು ಕೂತರೆ ಆ ಸ್ವರ ಉಬ್ಬುತ್ತದೆ, ರೂಮಿನ ನಟ್ಟನಡುವೆ ಕೂತರೆ ಮಾಯವಾಗುತ್ತದೆ. ನೀವು ಕಳಿಸಿದ ಫೋಟೊದಲ್ಲಿ ಸೋಫಾ ಗೋಡೆಗೆ ತಾಗಿದೆ, ಸ್ಪೀಕರುಗಳು ಎರಡು ಮೂಲೆಯಲ್ಲಿ ಗಣಪತಿ ಕೂರಿಸಿದ ಹಾಗೆ ಕೂತಿವೆ. ಎರಡನ್ನೂ ಮೂಲೆಯಿಂದ ಎರಡಡಿ ಈಚೆಗೆ ತನ್ನಿ. ಸೋಫಾ ಒಂದೂವರೆ ಅಡಿ ಮುಂದಕ್ಕೆ ಎಳೆಯಿರಿ. ನಿಮ್ಮ ತಲೆ, ಎರಡು ಸ್ಪೀಕರು ಸೇರಿ ಮೂರು ಬದಿಯೂ ಸಮನಾದ ತ್ರಿಕೋನ ಆಗಲಿ. ಕಸ ಗುಡಿಸಲು ತೊಂದರೆ ಅಂತ ಮನೆಯಲ್ಲಿ ಗಲಾಟೆ ಆಗುತ್ತದೆ, ಅದನ್ನು ನೀವೇ ನಿಭಾಯಿಸಬೇಕು.

ಇನ್ನೊಂದು. ರಾತ್ರಿ ಮಕ್ಕಳು ಮಲಗಿದ ಮೇಲೆ ಕೇಳುವಾಗ ಬಾಸೇ ಇಲ್ಲ ಅಂತ ಬರೆದಿದ್ದೀರಿ. ಅದು ಕಿವಿಯ ಗುಣ. ಸದ್ದು ಸಣ್ಣದಾದಾಗ ಕಿವಿ ಕೆಳಗಿನ ಸ್ವರಗಳನ್ನು ಮೊದಲು ಕೈಬಿಡುತ್ತದೆ. ಅಮೆರಿಕದ ಬೆಲ್ ಪ್ರಯೋಗಶಾಲೆಯ ಫ್ಲೆಚರ್ ಮತ್ತು ಮನ್ಸನ್ ಇದನ್ನು 1933ರಲ್ಲೇ ಅಳೆದು ಗೆರೆ ಎಳೆದು ತೋರಿಸಿದ್ದಾರೆ. ಹಳೆಯ ಆಂಪ್ಲಿಫೈಯರುಗಳಲ್ಲಿ 'ಲೌಡ್‌ನೆಸ್' ಅಂತ ಒಂದು ಗುಂಡಿ ಇರುತ್ತಿದ್ದದ್ದು ಇದಕ್ಕೇ. ನಿಮ್ಮ ದುಬಾರಿ ಪೆಟ್ಟಿಗೆಯಲ್ಲಿ ಅದಿಲ್ಲ. ಬಾಸ್ ತಿರುಪಾದರೂ ಇದೆ, ರಾತ್ರಿ ಹೊತ್ತು ಸ್ವಲ್ಪ ತಿರುಗಿಸಿಕೊಳ್ಳಿ. ಪಾಪ ಏನೂ ಬರುವುದಿಲ್ಲ.

ಪ್ರಶ್ನೆ: ಸ್ಪೀಕರ್ ವೈರಿಗೆ ಅಂಗಡಿಯವರು ಮೀಟರಿಗೆ 9,000 ರೂಪಾಯಿ ಹೇಳುತ್ತಿದ್ದಾರೆ. ಇದನ್ನು ಹಾಕಿದರೆ 'ಸೌಂಡ್ ಬಿಚ್ಚಿಕೊಳ್ಳುತ್ತದೆ' ಅಂತ. ನನಗೆ ಐದೈದು ಮೀಟರ್ ಎರಡು ಬೇಕು. ನಿಜವೇ?
(ಹುಬ್ಬಳ್ಳಿ)

ಉತ್ತರ: 90,000 ರೂಪಾಯಿಗೆ ನಿಮ್ಮ ಜೇಬಂತೂ ಬಿಚ್ಚಿಕೊಳ್ಳುತ್ತದೆ.

ಮನೆಯ ಪವರ್ ಸಾಕೆಟ್ಟಿಗೆ ಎಳೆಯುವಷ್ಟೇ ದಪ್ಪದ, ಅಂದರೆ 2.5 ಚದರ ಮಿಲಿಮೀಟರಿನ, ತಾಮ್ರದ ವೈರ್ ತಗೊಳ್ಳಿ. ಅದರ ತಡೆ ಮೀಟರಿಗೆ ಸುಮಾರು 0.007 ಓಮ್. ಐದು ಮೀಟರ್ ಹೋಗಿ ಬರುವುದು ಹತ್ತು ಮೀಟರ್, 0.07 ಓಮ್ ಆಯಿತು. ಎದುರಿಗೆ ಇರುವ ಸ್ಪೀಕರ್ 8 ಓಮ್. ನಷ್ಟ ಒಂದು ಡೆಸಿಬಲ್ಲಿನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ. ಕಿಟಕಿ ಪರದೆ ಗಾಳಿಗೆ ಅಲ್ಲಾಡಿದರೆ ಇದಕ್ಕಿಂತ ಹೆಚ್ಚು ವ್ಯತ್ಯಾಸ ಆದೀತು. ಒಳ್ಳೆಯ ತಾಮ್ರ, ಬಿಗಿಯಾದ ತುದಿ, ಎರಡು ಬದಿಗೂ ಕೆಂಪಿಗೆ ಕೆಂಪು ಕಪ್ಪಿಗೆ ಕಪ್ಪು: ಇಷ್ಟು ನೋಡಿದರೆ ಮುಗಿಯಿತು.

ಕೆಂಪು ಕಪ್ಪಿನ ಮಾತು ಬಂದದ್ದಕ್ಕೆ ಹೇಳುತ್ತೇನೆ. ಒಬ್ಬ ಗಿರಾಕಿ ಅಂಗಡಿಗೆ ಬಂದು 'ಬಾಸ್ ಸಾಲದು, ಒಂದು ಸಬ್‌ವೂಫರ್ ಮಾಡಿಸಿಕೊಡಿ' ಅಂದರು. ಮನೆಗೆ ಹೋಗಿ ನೋಡಿದೆ. ಒಂದು ಸ್ಪೀಕರಿನ ವೈರು ಉಲ್ಟಾ. ಒಂದು ಮುಂದಕ್ಕೆ ತಳ್ಳುವಾಗ ಇನ್ನೊಂದು ಹಿಂದಕ್ಕೆ ಎಳೆಯುತ್ತಿತ್ತು. ಬಾಸ್ ಎಲ್ಲಿಂದ ಬರಬೇಕು? ಎರಡು ತುದಿ ಅದಲು ಬದಲು ಮಾಡಿದೆ, ಹಾಡುವವರ ದನಿ ನಡುವೆ ಬಂದು ನಿಂತಿತು. ಕಾಫಿ ಕೊಟ್ಟರು. ಸಬ್‌ವೂಫರಿನ ಆರ್ಡರು ಹೋಯಿತು. ನಮ್ಮಾಕೆ ಈಗಲೂ ಆಡಿಕೊಳ್ಳುತ್ತಾಳೆ.

ಪ್ರಶ್ನೆ: ಕರೆಂಟು ಹೋದಾಗ ಮಾತ್ರ ಆಂಪ್ಲಿಫೈಯರ್ ಗುರ್ರ್ ಅನ್ನುತ್ತದೆ. ಹಳೆಯದಾಯಿತು, ಬದಲಿಸಿ ಅಂತ ಮಗ ಹೇಳುತ್ತಾನೆ.
(ಅಡಿಕೆ ಬೆಳೆಗಾರ, ಶಿರಸಿ)

ಉತ್ತರ: ಕರೆಂಟು ಇದ್ದಾಗ ಸುಮ್ಮನಿರುವ ಯಂತ್ರಕ್ಕೆ ಏನೂ ಆಗಿಲ್ಲ. ನಿಮ್ಮ ಇನ್ವರ್ಟರು ಚೌಕ ಅಲೆಯದ್ದು, ಅದರ ಮೊನಚಿಗೆ ಒಳಗಿನ ಟ್ರಾನ್ಸ್‌ಫಾರ್ಮರ್ ಗುರುಗುಟ್ಟುತ್ತದೆ. ಬದಲಿಸುವುದಾದರೆ ಇನ್ವರ್ಟರನ್ನು ಬದಲಿಸಿ, 'ಸೈನ್ ವೇವ್' ಅಂತ ಕೇಳಿ ತಗೊಳ್ಳಿ. ಫ್ಯಾನಿನ ಗುಂಯ್‌ಗುಟ್ಟುವಿಕೆಯೂ ಕಡಿಮೆಯಾಗುತ್ತದೆ. ಸದ್ದು ಹೋಗುತ್ತದೆ ಅಂತ ಯಾರಾದರೂ ಪ್ಲಗ್ಗಿನ ದಪ್ಪ ಅರ್ಥ್ ಪಿನ್ ಕಿತ್ತು ಹಾಕಿ ಅಂದರೆ ಕೇಳಬೇಡಿ. ಅದು ಜೀವ ಉಳಿಸುವ ಪಿನ್.

ಪ್ರಶ್ನೆ: ನನಗೆ 58. ನಿವೃತ್ತಿಯ ಹಣದಲ್ಲಿ ಹೈ-ರೆಸ್ (ಸಿ.ಡಿ.ಗಿಂತ ಸೂಕ್ಷ್ಮವಾಗಿ ಅಳೆದಿಟ್ಟ ಡಿಜಿಟಲ್ ಹಾಡು) ಕೇಳುವ ವ್ಯವಸ್ಥೆ ಮಾಡಿಕೊಳ್ಳಬೇಕೆಂದಿದ್ದೇನೆ. ಮನೆಯಲ್ಲಿ ಸುಮಾರು 400 ಸಿ.ಡಿ. ಇವೆ. ಸಿ.ಡಿ. 16 ಬಿಟ್, ಹೈ-ರೆಸ್ 24 ಬಿಟ್ 192 ಕಿಲೊಹರ್ಟ್ಸ್. ನನ್ನ ಸಿ.ಡಿ.ಗಳನ್ನೆಲ್ಲ ಮಾರಿಬಿಡಲೇ?
(ರಾಜಾಜಿನಗರ, ಬೆಂಗಳೂರು)

ಉತ್ತರ: ಸ್ವಾಮಿ, 1982ರಲ್ಲಿ ಸಿ.ಡಿ. ಮಾರುಕಟ್ಟೆಗೆ ಬಂದಾಗ ಅದರಲ್ಲಿ ಸೆಕೆಂಡಿಗೆ 44,100 ಸಲ ಅಳತೆ ತೆಗೆಯಬೇಕೆಂದು ಗೊತ್ತುಮಾಡಿದ್ದರು. ಅದರ ಅರ್ಧದವರೆಗೆ, 22,050 ಹರ್ಟ್ಸ್‌ವರೆಗೆ, ಸದ್ದು ಅದರಲ್ಲಿ ಕೂರುತ್ತದೆ. ಮಕ್ಕಳ ಕಿವಿಯೂ 20,000ದ ಆಸುಪಾಸಿಗೆ ನಿಲ್ಲುತ್ತದೆ. ನಮ್ಮ ನಿಮ್ಮ ಕಿವಿಯ ಮಾತು ಬೇರೆ.

ನನಗದು ಗೊತ್ತಾದ ಬಗೆ ಹೇಳುತ್ತೇನೆ. ಹಳೆಯ ಪಿಕ್ಚರ್ ಟ್ಯೂಬ್ ಟಿ.ವಿ. ನೆನಪಿದೆಯೇ? ಆನ್ ಮಾಡಿದ ತಕ್ಷಣ ಒಳಗಿನಿಂದ ತೆಳ್ಳನೆಯ ಒಂದು ಸಿಳ್ಳೆ ಬರುತ್ತಿತ್ತು. ಪರದೆಯ ಮೇಲೆ ಸೆಕೆಂಡಿಗೆ 15,625 ಗೆರೆ ಎಳೆಯುವ ಲೈನ್ ಟ್ರಾನ್ಸ್‌ಫಾರ್ಮರಿನ ಸದ್ದು. ಪರದೆ ಕತ್ತಲಾಗಿದ್ದರೂ ಆ ಸಿಳ್ಳೆ ಕೇಳಿದರೆ 'ಲೈನ್ ಸೆಕ್ಷನ್ ಬದುಕಿದೆ, ತೊಂದರೆ ಬೇರೆ ಕಡೆ' ಅಂತ ಮೀಟರ್ ಹಚ್ಚದೆಯೇ ಹೇಳಿಬಿಡುತ್ತಿದ್ದೆ. ಐವತ್ತರ ಆಸುಪಾಸಿನಲ್ಲಿ ಒಂದು ದಿನ ಒಂದು ಸೆಟ್ಟು ಬಿಚ್ಚಿಟ್ಟುಕೊಂಡು 'ಲೈನ್ ಸತ್ತಿದೆ' ಅಂದೆ. ಬೆಂಚಿನ ಆಚೆ ಕೂತಿದ್ದ ಕೆಲಸದ ಹುಡುಗ, ಹತ್ತೊಂಬತ್ತು ವರ್ಷ, 'ಅಣ್ಣಾ, ಸಿಳ್ಳೆ ಹೊಡೀತಿದೆಯಲ್ಲ' ಅಂದ. ಕಿವಿ ಹತ್ತಿರ ತಗೊಂಡು ಹೋದೆ. ಏನೂ ಇಲ್ಲ. ಪಕ್ಕದಲ್ಲೇ ಸರಿಯಾಗಿ ಓಡುತ್ತಿದ್ದ ಇನ್ನೊಂದು ಸೆಟ್ಟಿಗೆ ಕಿವಿ ಕೊಟ್ಟೆ, ಅದೂ ಮೂಕ. ಆ ಸಿಳ್ಳೆ ಜಗತ್ತಿನಲ್ಲಿ ಇತ್ತು, ನನ್ನ ಪಾಲಿಗೆ ಮಾತ್ರ ನಿಂತುಹೋಗಿತ್ತು.

ತಮಾಷೆ ಏನು ಗೊತ್ತೇ? ನಾನು ನನ್ನ ಜೀವಮಾನದ ಅತಿ ದುಬಾರಿ ಟ್ವೀಟರ್ (ಮೇಲಿನ ಸ್ವರಗಳಿಗೆಂದೇ ಇರುವ ಪುಟ್ಟ ಸ್ಪೀಕರ್) ಜೋಡಿ ಕೊಂಡದ್ದು ಅದಾದ ಎರಡು ವರ್ಷಕ್ಕೆ. 'ಮೇಲಿನ ಸ್ವರಗಳು ಎಷ್ಟು ಸ್ವಚ್ಛ!' ಅಂತ ಬಂದವರಿಗೆಲ್ಲ ಹೇಳಿದೆ.

ಹೈ-ರೆಸ್ ಬಗ್ಗೆ ಅಮೆರಿಕದಲ್ಲಿ ಮೇಯರ್ ಮತ್ತು ಮೊರಾನ್ ಎಂಬಿಬ್ಬರು ಮಾಡಿದ ಪರೀಕ್ಷೆ ಆಡಿಯೊ ಎಂಜಿನಿಯರಿಂಗ್ ಸೊಸೈಟಿಯ ಪತ್ರಿಕೆಯಲ್ಲಿ 2007ರಲ್ಲಿ ಅಚ್ಚಾಯಿತು. ಹೈ-ರೆಸ್ ಡಿಸ್ಕನ್ನು ನೇರವಾಗಿ ಒಂದು ಸಲ, ಅದನ್ನೇ ಸಿ.ಡಿ. ಮಟ್ಟಕ್ಕೆ ಇಳಿಸಿ ಒಂದು ಸಲ, ಯಾವುದು ಯಾವುದೆಂದು ಹೇಳದೆ ಕೇಳಿಸಿದರು. ಒಟ್ಟು 554 ಸಲ. ಸರಿಯಾಗಿ ಗುರುತಿಸಿದ್ದು 276 ಸಲ. ನಾಣ್ಯ ಚಿಮ್ಮಿದ್ದರೂ ಇಷ್ಟೇ ಬರುತ್ತಿತ್ತು. ಆದರೆ ಅವರೇ ಇನ್ನೊಂದು ಮಾತೂ ಬರೆದಿದ್ದಾರೆ: ಆ ಹೈ-ರೆಸ್ ಡಿಸ್ಕುಗಳು ಮಾಮೂಲಿ ಸಿ.ಡಿ.ಗಳಿಗಿಂತ ಚೆನ್ನಾಗಿಯೇ ಕೇಳುತ್ತಿದ್ದವು, ಯಾಕೆಂದರೆ ಅವುಗಳನ್ನು ಧ್ವನಿಮುದ್ರಿಸಿ ಸಿದ್ಧಮಾಡಿದವರು ಹೆಚ್ಚು ಕಾಳಜಿಯಿಂದ ಮಾಡಿದ್ದರು. ಬಿಟ್ಟಿನಲ್ಲಿ ಇಲ್ಲದ್ದು ಕೈಯಲ್ಲಿತ್ತು.

ನಿಮ್ಮ 400 ಸಿ.ಡಿ. ಮಾರಬೇಡಿ. ಮಾರುವುದೇ ಆದರೆ ಮನ್ಸೂರರ ಮತ್ತು ಗಂಗೂಬಾಯಿಯವರ ಸಿ.ಡಿ.ಗಳನ್ನು ನನಗೆ ಮೊದಲು ಹೇಳಿ.

ಪ್ರಶ್ನೆ: ಅಪ್ಪ ಹೋದ ವರ್ಷ ತೀರಿಕೊಂಡರು. ಅವರ ರೆಕಾರ್ಡ್ ಪ್ಲೇಯರ್, ಆಂಪ್ಲಿಫೈಯರ್, ಎರಡು ದೊಡ್ಡ ಸ್ಪೀಕರು, ಅರವತ್ತು ತಟ್ಟೆಗಳು ಮಹಡಿಯಲ್ಲಿವೆ. ಹಾಕಿ ನೋಡಿದರೆ ಸ್ಪೀಕರಿನಿಂದ ಪರಪರ ಸದ್ದು, ವಾಲ್ಯೂಮ್ ತಿರುಗಿಸಿದರೆ ಕರಕರ. ಹಾಡು ಯಾಕೋ ಎಳೆದ ಹಾಗೆ ಕೇಳುತ್ತದೆ. ತಟ್ಟೆಗಳಿಗೆ ಬೂಷ್ಟು ಹಿಡಿದಿದೆ. ಅಂಗಡಿಯವರು, ಅಣ್ಣ, ಇಬ್ಬರೂ ಗುಜರಿಗೆ ಹಾಕಿ ಸೌಂಡ್‌ಬಾರ್ ತಗೋ ಅನ್ನುತ್ತಾರೆ. ನನಗೆ ಇದರ ತಲೆಬುಡ ಗೊತ್ತಿಲ್ಲ.
(ಕುಂದಾಪುರ)

ಉತ್ತರ: ಹಾಕಬೇಡಿ ತಾಯಿ. ನೀವು ಬರೆದ ನಾಲ್ಕು ರೋಗಕ್ಕೂ ಮದ್ದಿದೆ, ಒಂದಕ್ಕೂ ಹೆಚ್ಚು ಖರ್ಚಿಲ್ಲ.

ಸ್ಪೀಕರಿನ ಮುಂದಿನ ಬಟ್ಟೆಯ ಚೌಕಟ್ಟು ತೆಗೆಯಿರಿ. ಕಾಗದದ ಕೋನಿನ ಅಂಚಿಗೆ ಒಂದು ಮೆತ್ತನೆಯ ಬಳೆ ಇರುತ್ತದೆ, ಬೆರಳಿನಿಂದ ಹಗುರಾಗಿ ಮುಟ್ಟಿ. ಕಪ್ಪು ಜಿಡ್ಡು ಅಂಟಿದರೆ, ಅಥವಾ ಹಳೆಯ ಕೇಕಿನ ಹಾಗೆ ಪುಡಿಪುಡಿ ಉದುರಿದರೆ, ಅದು ಫೋಮ್. ಕಡಲ ಗಾಳಿಗೆ, ನಿಮ್ಮೂರಿನ ಮಳೆಗಾಲದ ಶೀತಕ್ಕೆ ಫೋಮ್ ಹದಿನೈದು ವರ್ಷ ಬಾಳಿದರೆ ಅದೇ ಹೆಚ್ಚು. ಪರಪರ ಸದ್ದಿನ ಮೂಲ ಅಲ್ಲಿದೆ. ಕೋನ್ ಚೆನ್ನಾಗಿದ್ದರೆ ಬಳೆ ಮಾತ್ರ ಬದಲಿಸಬಹುದು. ಸ್ಪೀಕರ್ ರೀಕೋನಿಂಗ್ ಮಾಡುವವರನ್ನು ವಿಚಾರಿಸಿ. ಪೆಂಡಾಲ್, ಮೈಕ್‌ಸೆಟ್ ಬಾಡಿಗೆ ಕೊಡುವವರಿಗೆ ಅಂಥವರ ಗುರುತು ಇದ್ದೇ ಇರುತ್ತದೆ. ರಬ್ಬರಿನ ಬಳೆ ಹಾಕಿಸಿ, ಅದಕ್ಕೆ ಕಡಲ ಗಾಳಿಯ ಭಯ ಕಡಿಮೆ. ಕೆಲಸ ಮುಗಿದ ಮೇಲೆ ನಾಲ್ಕು ಬೆರಳನ್ನು ಕೋನಿನ ಸುತ್ತ ಸಮನಾಗಿ ಇಟ್ಟು ಮೆಲ್ಲಗೆ ಒಳಗೆ ಒತ್ತಿ ಬಿಡಿ. ಏನೂ ಉಜ್ಜಿದ ಸದ್ದು ಬರಬಾರದು. ಬಂದರೆ ಒಳಗಿನ ಸುರುಳಿ ಅಯಸ್ಕಾಂತಕ್ಕೆ ತಾಗುತ್ತಿದೆ. ದುಡ್ಡು ಕೊಡದೆ ಮತ್ತೆ ಮಾಡಿಸಿ. ಆಮೇಲೆ ಒಂದೂವರೆ ವೋಲ್ಟಿನ ಗಡಿಯಾರದ ಸೆಲ್ಲನ್ನು ಸ್ಪೀಕರಿಗೆ ಒಂದು ಕ್ಷಣ ತಾಗಿಸಿ, ಪ್ಲಸ್ ಕೆಂಪಿಗೆ. ಎರಡೂ ಕೋನ್ ಮುಂದಕ್ಕೇ ಜಿಗಿಯಬೇಕು. ಒಂದು ಹಿಂದಕ್ಕೆ ಹೋದರೆ ಹುಬ್ಬಳ್ಳಿಯವರಿಗೆ ಹೇಳಿದ ಕಥೆಯೇ.

ಕರಕರ ಅನ್ನುವುದು ವಾಲ್ಯೂಮಿನ ಒಳಗಿನ ಧೂಳು. ಕಾಂಟ್ಯಾಕ್ಟ್ ಕ್ಲೀನರ್ ಅಂತ ಸ್ಪ್ರೇ ಸಿಗುತ್ತದೆ. ಪ್ಲಗ್ಗು ಕಿತ್ತು, ಒಂದು ಹನಿ ಒಳಗೆ ಬಿಟ್ಟು ಇಪ್ಪತ್ತು ಸಲ ತಿರುಗಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಹಾಡು ಎಳೆಯುವುದು ರಬ್ಬರ್ ಬೆಲ್ಟ್ ಸಡಿಲಾದ್ದಕ್ಕೆ. ಮೂವತ್ತಮೂರು ಸುತ್ತು ತಿರುಗಬೇಕಾದ್ದು ಮೂವತ್ತೊಂದಕ್ಕೆ ಇಳಿದಿರುತ್ತದೆ. ಹೊಸ ಬೆಲ್ಟ್ ಹಾಕಿಸಿ. ಸೂಜಿಯೂ ಹೊಸದು ಬೇಕು. ವಜ್ರದ ಸೂಜಿಗೆ ಐನೂರರಿಂದ ಸಾವಿರ ಗಂಟೆ ಆಯುಸ್ಸು, ಅಪ್ಪ ಎಷ್ಟು ಕೇಳಿದ್ದಾರೋ ಯಾರಿಗೆ ಗೊತ್ತು. ಸವೆದ ಸೂಜಿ ತಟ್ಟೆಯನ್ನೇ ಕೆರೆದು ಹಾಕುತ್ತದೆ, ಅದಕ್ಕೇ ಸದ್ಯಕ್ಕೆ ಒಂದನ್ನೂ ಹಾಕಿ ನೋಡಬೇಡಿ. ಆಂಪ್ಲಿಫೈಯರ್ ಒಳಗಿನ ದೊಡ್ಡ ಕೆಪಾಸಿಟರುಗಳ ತಲೆ ಉಬ್ಬಿದ್ದರೆ ಮೆಕಾನಿಕ್ಕಿಗೆ ಹೇಳಿ ಅದನ್ನೂ ಬದಲಿಸಿ. ನೀವೇ ಮುಟ್ಟಬೇಡಿ, ಪ್ಲಗ್ಗು ಕಿತ್ತ ಮೇಲೂ ಅದರಲ್ಲಿ ಕರೆಂಟು ಕೂತಿರುತ್ತದೆ.

ಬೂಷ್ಟಿಗೆ: ತಣ್ಣೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು, ಮೆತ್ತನೆಯ ಬಟ್ಟೆ. ಗೆರೆಯ ದಾರಿಯಲ್ಲೇ ಸುತ್ತ ಒರೆಸಿ, ಅಡ್ಡ ಉಜ್ಜಬೇಡಿ. ನಡುವಿನ ಕಾಗದ ನೆನೆಯದಿರಲಿ. ಕೊನೆಗೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರಿನಲ್ಲಿ ತೊಳೆದು, ಪಾತ್ರೆ ಸ್ಟ್ಯಾಂಡಿನಲ್ಲಿ ತಟ್ಟೆಗಳನ್ನು ನಿಲ್ಲಿಸುವ ಹಾಗೆ ನಿಲ್ಲಿಸಿ ಒಣಗಿಸಿ. ಬಿಸಿಲಿಗೆ ಬೇಡ. ಅರವತ್ತರಲ್ಲಿ ಭಾರವಾದ, ಬಿದ್ದರೆ ಒಡೆಯುವ 78ರ ತಟ್ಟೆಗಳಿದ್ದರೆ ಎಚ್ಚರ: ಅವುಗಳಲ್ಲಿ ಇರುವುದು ಅರಗು, ಬಡಗಿಗಳು ಪಾಲಿಶಿಗೆ ಸ್ಪಿರಿಟ್ಟಿನಲ್ಲಿ ಕರಗಿಸುತ್ತಾರಲ್ಲ, ಅದೇ. ಯಾರಾದರೂ 'ಸ್ಪಿರಿಟ್ಟಿನಲ್ಲಿ ಒರೆಸಿ' ಅಂದರೆ ಕೇಳಬೇಡಿ, ಹಾಡು ಬಟ್ಟೆಗೆ ಬಂದುಬಿಡುತ್ತದೆ.

ಎಲ್ಲ ಸರಿಯಾದ ಮೇಲೆ ಅಣ್ಣನನ್ನು ಕರೆದು ಒಂದು ಹಾಕಿ. ಯಾವುದು ಅಂತ ನಾನು ಹೇಳಬೇಕಿಲ್ಲ. ಅಪ್ಪ ಹೆಚ್ಚು ಹಾಕಿದ ತಟ್ಟೆಯ ಕವರಿನ ಅಂಚು ಮಿಕ್ಕವಕ್ಕಿಂತ ಹೆಚ್ಚು ಹರಿದಿರುತ್ತದೆ.

ಪ್ರಶ್ನೆ: ನಮ್ಮ ಯಜಮಾನರಿಗೆ ಈ ಹುಚ್ಚು. ಮೂರು ಆಂಪ್ಲಿಫೈಯರ್, ಐದು ಜೊತೆ ಸ್ಪೀಕರು. ಪ್ರತಿ ಸಲ 'ಇದೇ ಕೊನೆ' ಅನ್ನುತ್ತಾರೆ. ಕೂರಿಸಿಕೊಂಡು 'ಈಗ ಕೇಳು, ಈಗ ಕೇಳು' ಅಂತಾರೆ, ನನಗೆ ಎಲ್ಲ ಒಂದೇ ಥರ ಕೇಳುತ್ತದೆ. ಹಾಗಂದರೆ ಮುಖ ಸಪ್ಪಗೆ ಮಾಡಿಕೊಳ್ಳುತ್ತಾರೆ. ಮೊನ್ನೆ ಮತ್ತೊಂದು ನೋಡಿ ಬಂದಿದ್ದಾರೆ, ಜಾಗಕ್ಕಾಗಿ ತೀರಾ ಹಳೆಯ ಆಂಪ್ಲಿಫೈಯರನ್ನು ಮಾರುತ್ತಾರಂತೆ. ಇದಕ್ಕೆ ಮದ್ದುಂಟೇ?
(ಗೃಹಿಣಿ, ತುಮಕೂರು)

ಉತ್ತರ: ಮೈಸೂರಿನಲ್ಲಿ 1935ರಲ್ಲಿ ತಮ್ಮ ಮನೆಯಿಂದಲೇ ರೇಡಿಯೊ ಪ್ರಸಾರ ಶುರುಮಾಡಿದ ಎಂ.ವಿ. ಗೋಪಾಲಸ್ವಾಮಿಯವರು ಎಂಜಿನಿಯರಲ್ಲ, ಮನಃಶಾಸ್ತ್ರದ ಪ್ರಾಧ್ಯಾಪಕರು. ನಿಮ್ಮ ಪತ್ರಕ್ಕೂ ಅಂಥವರೇ ಉತ್ತರ ಬರೆಯಬೇಕು. ನನ್ನ ಹತ್ತಿರ ಇರುವುದು ಮದ್ದಲ್ಲ, ನನ್ನದೇ ಕಥೆ.

1981ರಲ್ಲಿ ನಾನೇ ಕೈಯಾರೆ ಕಟ್ಟಿದ ಒಂದು ಆಂಪ್ಲಿಫೈಯರ್ ಇದೆ. 2ಎನ್3055 ಅಂತ ಲೋಹದ ಟೋಪಿ ಹಾಕಿಕೊಂಡ ಹಾಗಿರುವ ಟ್ರಾನ್ಸಿಸ್ಟರುಗಳು, ಪಕ್ಕದಲ್ಲಿ ಕೂತು ಸುತ್ತಿಸಿದ ಟ್ರಾನ್ಸ್‌ಫಾರ್ಮರ್. ಎರಡು ಇಟ್ಟಿಗೆಯಷ್ಟು ಭಾರ. ಕೆಲವು ವರ್ಷದ ಹಿಂದೆ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಅಂಗೈಯಷ್ಟು ಅಗಲದ ಬೋರ್ಡು ಸಿಕ್ಕಿತು, ಟಿಪಿಎ3116 ಚಿಪ್ಪಿನದು, ಸಾವಿರ ರೂಪಾಯಿಯ ಒಳಗೆ. ತಮಾಷೆಗೆ ತಂದೆ. ಕೇಳಿದೆ. 'ಪರವಾಗಿಲ್ಲ, ಆದರೆ ನನ್ನದರ ಮುಂದೆ ಜೀವ ಇಲ್ಲ' ಅಂದೆ. ನಮ್ಮಾಕೆ ರಾಗಿ ಬೀಸಿಸಿಕೊಂಡು ಬಂದವಳು ಚೀಲ ಇಳಿಸುತ್ತಾ, 'ಕಣ್ಣು ಮುಚ್ಚಿಕೊಂಡು ಹೇಳ್ತೀರಾ?' ಅಂದಳು.

ಮಾಡಿಯೇ ಬಿಟ್ಟೆವು. ಜೋರಾಗಿರುವುದೇ ಚೆನ್ನಾಗಿ ಕೇಳುವುದು ಎಲ್ಲರ ಕಿವಿಯ ದೌರ್ಬಲ್ಯ, ಅಂಗಡಿಯಲ್ಲಿ ಮಾರಬೇಕಾದ್ದನ್ನು ಕೂದಲೆಳೆ ಜೋರಾಗಿ ಇಡುವುದು ಅದಕ್ಕೇ. ಹಾಗಾಗಿ ಮೊಬೈಲಿನಿಂದ ಒಂದೇ ಸಮನಾದ ಶ್ರುತಿ ಹಾಕಿ, ಸ್ಪೀಕರಿನ ತುದಿಗೆ ಮಲ್ಟಿಮೀಟರ್ ಹಿಡಿದು, ಎರಡೂ ಆಂಪ್ಲಿಫೈಯರಿನ ವೋಲ್ಟೇಜು ಎರಡನೇ ದಶಾಂಶದವರೆಗೆ ಸಮ ಮಾಡಿದೆ. ನಡುವೆ ಒಂದು ಸ್ವಿಚ್ ಹಾಕಿದೆ. ನಾನು ಗೋಡೆಯ ಕಡೆ ಮುಖ ಮಾಡಿ ಕೂತೆ. ಅವಳು ಹಿಂದೆ ಕ್ಯಾಲೆಂಡರಿನ ಹರಿದ ಹಾಳೆಯ ಬೆನ್ನಿಗೆ ಪೆನ್ಸಿಲ್ ಹಿಡಿದು ನಿಂತಳು. ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆ, ನಲವತ್ತು ವರ್ಷದಿಂದ ಕೇಳಿದ್ದು, ಪ್ರತಿ ಮೀಟೂ ಗೊತ್ತು. ಹತ್ತು ಸಲ.

ಸರಿಯಾದದ್ದು ನಾಲ್ಕು.

ಅಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದೆ. ಮೂರನೆಯದಕ್ಕೆ, ಆರನೆಯದಕ್ಕೆ, ಏಳನೆಯದಕ್ಕೆ 'ಇದು ನನ್ನದೇ, ತಂತಿ ಹೇಗೆ ಬಿಡಿಸಿಕೊಳ್ತಿದೆ ನೋಡು' ಅಂತ ತೊಡೆ ತಟ್ಟಿ ಹೇಳಿದ್ದೆ. ಆ ಮೂರೂ ಎಸ್.ಪಿ. ರೋಡಿನ ಬೋರ್ಡು. ಆ ಹಾಳೆಯನ್ನು ಅವಳು ಬೀರುವಿನಲ್ಲಿ ಗ್ಯಾಸ್ ಪುಸ್ತಕದ ಜೊತೆ ಇಟ್ಟಿದ್ದಾಳೆ.

ಇದಾದ ಮೇಲೆ ನನ್ನ ಹುಚ್ಚು ಬಿಟ್ಟಿತೇ ಅಂತ ನೀವು ಕೇಳಬೇಕು. ಮರುದಿನ ಬೆಳಿಗ್ಗೆ ಐದೂವರೆಗೆ ಎದ್ದು, ಕಾಫಿಗೆ ಮುಂಚೆ, ಹಳೆಯ ಆಂಪ್ಲಿಫೈಯರಿಗೇ ವೈರು ಹಾಕಿ ಅದೇ ವೀಣೆ ಕೇಳಿದೆ. ಎಷ್ಟು ಚೆನ್ನಾಗಿತ್ತು ಅಂತೀರಿ! ಹಾಳೆಯ ಮೇಲಿನ ಲೆಕ್ಕ ಸುಳ್ಳಲ್ಲ ಅಂತ ಗೊತ್ತು. ಆದರೂ ಮುಂದಿನ ವರ್ಷ ಇನ್ನೊಂದು ಟ್ರಾನ್ಸ್‌ಫಾರ್ಮರ್ ಸುತ್ತಿಸಿದೆ. ಆದ್ದರಿಂದ ಪರೀಕ್ಷೆ ಮಾಡಿ ಸೋಲಿಸಿದರೆ ಯಜಮಾನರು ನಿಲ್ಲಿಸುತ್ತಾರೆ ಅಂದುಕೊಳ್ಳಬೇಡಿ. ನಿಮಗೆ ಎಲ್ಲ ಒಂದೇ ಥರ ಕೇಳುತ್ತದೆ ಅಂದಿರಲ್ಲ, ಬಹುಮಟ್ಟಿಗೆ ನೀವು ಹೇಳುವುದೇ ನಿಜ. ಸ್ಪೀಕರ್ ಬದಲಾದಾಗ ಮಾತ್ರ ಗಮನವಿಟ್ಟು ಕೇಳಿ, ಅಲ್ಲಿ ವ್ಯತ್ಯಾಸ ಉಂಟು.

ನಿಮ್ಮ ಪತ್ರವನ್ನು ನಮ್ಮಾಕೆಗೆ ಓದಿ ಹೇಳಿದೆ. 'ಒಂದು ಹೊರಗೆ ಹೋಗದೆ ಇನ್ನೊಂದು ಒಳಗೆ ಬರಬಾರದು ಅಂತ ಬರೀರಿ. ಮಂಚದ ಕೆಳಗೆ, ಅಟ್ಟದ ಮೇಲೆ, ಸ್ನೇಹಿತರ ಮನೇಲಿ ಇಡೋದು ಹೊರಗೆ ಹೋದ ಲೆಕ್ಕ ಅಲ್ಲ ಅಂತಾನೂ ಬರೀರಿ' ಅಂದಳು. ಬರೆದಿದ್ದೇನೆ. ನಮ್ಮ ಮನೆಯಲ್ಲಿ 2011ರಿಂದ ಇದೇ ಕಾನೂನು. ಸ್ನೇಹಿತರ ಮನೆಯ ಕಲಮು ಸೇರಿದ್ದು 2014ರಲ್ಲಿ.

ಅಂದಹಾಗೆ, ಯಜಮಾನರು ಮಾರಬೇಕೆಂದಿರುವ ಆ ತೀರಾ ಹಳೆಯ ಆಂಪ್ಲಿಫೈಯರಿನ ಮಾಡೆಲ್ ನಂಬರು ನೀವು ಬರೆದಿಲ್ಲ. ಮುಂದಿನ ಪತ್ರದಲ್ಲಿ ದಯವಿಟ್ಟು ತಿಳಿಸಿ. ಪತ್ರ ಪತ್ರಿಕೆಯ ವಿಳಾಸಕ್ಕೇ ಬರಲಿ, ಮನೆಗೆ ಬೇಡ.